ಆರ್ಚ್ ಮ್ಯಾನಿಂಗ್‌ಗೆ ಎಷ್ಟು ಮಾರ್ಕ್ಸು?

ಹೋದ ಸಲದ ಅಂಕಣದಲ್ಲಿ ಧೈರ್ಯವಾಗಿ ಒಂದು ಮಾತು ಬರೆದುಬಿಟ್ಟಿದ್ದೆ: ಈ ವರ್ಷದ ಕಾಲೇಜ್ ಫುಟ್‌ಬಾಲ್ ಅಂದ್ರೆ ಆರ್ಚ್ ಮ್ಯಾನಿಂಗ್, ಹುಡುಗ ರೆಡಿ ಇದ್ದಾನೆ, ಬೇಕಾದ್ರೆ ನೋಡ್ತಾ ಇರಿ ಅಂತ. ನೋಡಿದ್ದಾಯ್ತು. ಆಗಸ್ಟ್ 30ರ ಶನಿವಾರ ಓಹಿಯೋದ ಕೊಲಂಬಸ್‌ನಲ್ಲಿ ನಮ್ಮ ಟೆಕ್ಸಸ್ 14-7ರಿಂದ ಸೋತಿತು. ಅವತ್ತು ಸಂಜೆಯಿಂದ ಮೆಸೇಜ್‌ಗಳು ಬರ್ತಾನೇ ಇವೆ. 'ಎಲ್ಲಿ ಸ್ವಾಮಿ ನಿಮ್ಮ ರೆಡಿ ಹುಡುಗ?' ಅನ್ನೋದು ಅದರಲ್ಲಿ ಸ್ವಲ್ಪ ಮರ್ಯಾದೆ ಇರೋದು.

ಸರಿ, ಲೆಕ್ಕ ಒಪ್ಪಿಸ್ತೀನಿ. ಆದರೆ ಹುಡುಗನಿಗೆ ಮಾರ್ಕ್ಸ್ ಹಾಕೋ ಮುಂಚೆ ಪ್ರಶ್ನೆಪತ್ರಿಕೆ ಎಂಥದ್ದು ಅಂತಲೂ ನೋಡಬೇಕಲ್ವಾ.

ಈ ಆಟ ಹೊಸದಾದವರಿಗೆ ಎರಡೇ ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಕೈಗೆ ಬರೋದು ಕ್ವಾರ್ಟರ್‌ಬ್ಯಾಕ್‌ಗೆ. ಎದುರು ನಿಂತ ಹನ್ನೊಂದು ಜನ ಏನು ಮಾಡಬಹುದು ಅಂತ ಊಹಿಸಿ, ಎರಡು-ಮೂರು ಸೆಕೆಂಡಿನೊಳಗೆ ಎಸೆಯೋದಾ, ಓಡೋದಾ, ಇನ್ನೊಬ್ಬನ ಕೈಗೆ ಕೊಡೋದಾ ಅಂತ ಅವನು ತೀರ್ಮಾನಿಸಬೇಕು. ತಂಡ ಗೆದ್ದರೆ ಹಾರ ಅವನಿಗೆ, ಸೋತರೆ ಬೈಗುಳವೂ ಅವನಿಗೇ.

ಆರ್ಚ್ ಅನ್ನೋ ಈ ಹುಡುಗನ ಮನೆತನದ ಕಥೆ ಅಮೆರಿಕದವರಿಗೆಲ್ಲ ಬಾಯಿಪಾಠ. ಅಜ್ಜ ಆರ್ಚೀ ಮ್ಯಾನಿಂಗ್, ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಚಿಕ್ಕಪ್ಪಂದಿರು ಪೇಟನ್ ಮತ್ತು ಈಲೈ, ಒಬ್ಬೊಬ್ಬರೂ ಎರಡೆರಡು ಸೂಪರ್ ಬೌಲ್ ಗೆದ್ದವರು. ಅಪ್ಪ ಕೂಪರ್ ಕೂಡ ಒಳ್ಳೆಯ ಆಟಗಾರ, ಆದರೆ ಬೆನ್ನುಹುರಿಯ ತೊಂದರೆಯಿಂದ ಚಿಕ್ಕ ವಯಸ್ಸಿನಲ್ಲೇ ಆಟ ಬಿಡಬೇಕಾಯ್ತು. ಹೈಸ್ಕೂಲಿನಲ್ಲಿದ್ದಾಗಲೇ ಆರ್ಚ್ ಹಿಂದೆ ಕ್ಯಾಮೆರಾಗಳಿದ್ದವು. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಲ್ಲಿ ದುಡ್ಡು ಮಾಡಬಹುದು ಅಂತ ಆದ ಮೇಲಂತೂ ಇವನ ಮುಖ ಜಾಹೀರಾತುಗಳಲ್ಲಿ ರಾರಾಜಿಸ್ತಿದೆ. ಈ ಸೀಸನ್ನಿಗೆ ಮುಂಚೆ ಎ.ಪಿ. ರ‍್ಯಾಂಕಿಂಗ್‌ನಲ್ಲಿ ಟೆಕ್ಸಸ್ ನಂಬರ್ ಒನ್. ಇಷ್ಟು ದೊಡ್ಡ ಹೆಸರಿನ ಯೂನಿವರ್ಸಿಟಿಗೆ ಸೀಸನ್ ಶುರುವಿಗೂ ಮುಂಚೆ ಆ ಜಾಗ ಸಿಕ್ಕಿದ್ದು ಇದೇ ಮೊದಲು. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಗೆ ಬೆಟ್ಟಿಂಗ್ ಕಂಪನಿಗಳ ಪಟ್ಟಿಯಲ್ಲಿ ಮೊದಲ ಹೆಸರು ಆರ್ಚ್.

ಪಂದ್ಯ ಮುಗಿದ ಮರುದಿನ ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದರು, "ಏನೋ, ನಿನ್ನ ಹುಡುಗ ಸೋತನಂತೆ? ಎಷ್ಟನೇ ಮ್ಯಾಚು ಅವನಿಗೆ?"

"ಶುರುವಿಂದ ಆಡಿದ್ದು ಇದು ಮೂರನೇದು ಅಪ್ಪಾ."

"ಮೂರಾ? ಹೋದ ವಾರ ಅಷ್ಟು ದೊಡ್ಡ ಸ್ಟಾರ್ ಅಂತಿದ್ದೆ?"

"ಅವನ ಚಿಕ್ಕಪ್ಪಂದಿರು ಇದಾರಲ್ಲ, ಅವರು..."

"ಚಿಕ್ಕಪ್ಪ ಆಡಿದ್ರೆ ಇವನ ಖಾತೇಲಿ ರನ್ ಬೀಳುತ್ತೇನೋ?"

ಅಪ್ಪನಿಗೆ ಈ ಆಟ ಗೊತ್ತಿಲ್ಲ. ಆದರೆ ನಾನು ಒಂದು ತಿಂಗಳಿಂದ ಕೇಳಿಕೊಳ್ಳದ ಪ್ರಶ್ನೆಯನ್ನ ಅವರು ಒಂದೇ ನಿಮಿಷದಲ್ಲಿ ಕೇಳಿಬಿಟ್ಟರು. ಆರ್ಚ್ ರೆಡಿ ಅಂತ ನಾನು ಬರೆದಿದ್ದು ಯಾವುದರ ಮೇಲೆ? ಹೋದ ವರ್ಷ ಕ್ವಿನ್ ಯೂವರ್ಸ್ ಗಾಯಗೊಂಡಾಗ ಸಿಕ್ಕ ಅವಕಾಶಗಳ ಮೇಲೆ. ಯು.ಟಿ. ಸ್ಯಾನ್ ಆಂಟೋನಿಯೋ ವಿರುದ್ಧ ಮಧ್ಯದಲ್ಲಿ ಇಳಿದು 67 ಗಜ ಓಡಿ ಟಚ್‌ಡೌನ್ ಮಾಡಿದ ವಿಡಿಯೋ ನಾನೇ ಎಷ್ಟು ಜನಕ್ಕೆ ಫಾರ್ವರ್ಡ್ ಮಾಡಿದೀನೋ ಲೆಕ್ಕವಿಲ್ಲ. ಆಮೇಲೆ ಲೂಯಿಸಿಯಾನ-ಮನ್ರೋ, ಮಿಸಿಸಿಪಿ ಸ್ಟೇಟ್ ವಿರುದ್ಧ ಎರಡು ಪಂದ್ಯ. ಮೂರೂ ಆಸ್ಟಿನ್‌ನಲ್ಲೇ, ನಮ್ಮ ಜನರ ಮುಂದೆಯೇ. ಆ ಮೂರು ತಂಡಗಳಲ್ಲಿ ಒಂದೂ ಓಹಿಯೋ ಸ್ಟೇಟ್‌ನ ಹತ್ತಿರ ಹತ್ತಿರಕ್ಕೂ ಬರುವಂಥದ್ದಲ್ಲ.

ಈಗ ಪಂದ್ಯಕ್ಕೆ ಬರೋಣ. ಎದುರಾಳಿ ಹಾಲಿ ರಾಷ್ಟ್ರೀಯ ಚಾಂಪಿಯನ್. ಕಳೆದ ಜನವರಿಯ ಸೆಮಿಫೈನಲ್‌ನಲ್ಲಿ ಟೆಕ್ಸಸ್ಸನ್ನು 28-14ರಿಂದ ಮನೆಗೆ ಕಳಿಸಿದವರೂ ಇವರೇ. ಆಡಬೇಕಾದ್ದು ಅವರ ಸ್ಟೇಡಿಯಂನಲ್ಲಿ, ಲಕ್ಷಕ್ಕೂ ಹೆಚ್ಚು ಜನರ ಕೂಗಾಟದ ನಡುವೆ. ಅವರ ಡಿಫೆನ್ಸ್‌ಗೆ ಹೊಸ ಗುರು ಮ್ಯಾಟ್ ಪೆಟ್ರೀಷಿಯಾ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿ ಬಂದವರು. ಚೆಂಡು ಹೊರಡೋ ಮುಂಚೆ ಒಂದು ವ್ಯೂಹ ತೋರಿಸಿ, ಹೊರಟ ಮೇಲೆ ಇನ್ನೊಂದಕ್ಕೆ ಬದಲಾಗೋದು ಇಂಥವರ ಕಸುಬು. ಹೊಸ ಕ್ವಾರ್ಟರ್‌ಬ್ಯಾಕ್‌ಗೆ ಇದಕ್ಕಿಂತ ಕಷ್ಟದ ಪೇಪರ್ ಇಲ್ಲ. ಕಂಡಿದ್ದನ್ನ ನಂಬಿ ಎಸೆಯೋ ಹಾಗಿಲ್ಲ, ಕಾಯ್ತಾ ನಿಂತರೆ ಮೈಮೇಲೆ ಬಂದು ಬೀಳ್ತಾರೆ.

ಆರ್ಚ್‌ನ ಅಂಕಿ ಹೀಗಿದೆ: 30 ಎಸೆತ, 17 ತಲುಪಿದವು, 170 ಗಜ, ಒಂದು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್. ಓದೋಕೆ ಸಾಧಾರಣ ಅನ್ನಿಸುತ್ತೆ. ನೋಡಿದಾಗ ಇದಕ್ಕಿಂತ ಕೆಟ್ಟದಾಗಿತ್ತು. ಆ ಗಜಗಳಲ್ಲಿ ಹೆಚ್ಚಿನವು ಬಂದಿದ್ದು ಕೊನೆಯ ಕ್ವಾರ್ಟರ್‌ನಲ್ಲಿ. ಅಲ್ಲಿಯವರೆಗೆ, ಆಸ್ಟಿನ್‌ನ ಗೆಳೆಯರೊಬ್ಬರ ಮನೆಯಲ್ಲಿ ಚುರುಮುರಿ ತಟ್ಟೆ ಹಿಡಿದು ಕೂತಿದ್ದ ನಮ್ಮೆಂಟು ಜನರಲ್ಲಿ ಯಾರೂ ಮಾತಾಡ್ತಾ ಇರಲಿಲ್ಲ. ದೂರದ ಎಸೆತ ತಪ್ಪಿದರೆ ಇರಲಿ ಬಿಡು ಅನ್ನಬಹುದು. ತಪ್ಪಿದ್ದರಲ್ಲಿ ಹತ್ತು ಗಜದ ಸಲೀಸಾದ ಎಸೆತಗಳೂ ಇದ್ದವು. ಚೆಂಡು ಒಮ್ಮೆ ರಿಸೀವರ್‌ನ ಕಾಲ ಬುಡಕ್ಕೆ, ಇನ್ನೊಮ್ಮೆ ಬೆನ್ನ ಹಿಂದಕ್ಕೆ. ಕೈ ತಲೆಯ ಮೇಲಿಂದ ಬರುವ ಬದಲು ಪಕ್ಕದಿಂದ, ಕೆರೆಗೆ ಕಲ್ಲು ಎಸೆದ ಹಾಗೆ ಬರ್ತಿತ್ತು. ಟಿವಿಯವರು ಅದನ್ನ ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿದರು. ನನಗನ್ನಿಸಿದ್ದು, ಕೈಗಿಂತ ಮುಂಚೆ ಕೆಟ್ಟಿದ್ದು ಕಾಲು. ಪಾದ ಊರದೆ ಅರ್ಧ ಓಡುವ ಭಂಗಿಯಲ್ಲಿ ಎಸೆದರೆ ಯಾರ ಕೈಯಾದರೂ ಹಾಗೇ ಬರುತ್ತೆ.

ಇದು ಅವನ ಲೆಕ್ಕಕ್ಕೇ ಹೋಗಬೇಕು. ಚಿಕ್ಕ ವಯಸ್ಸು, ಮೊದಲ ಪರೀಕ್ಷೆ, ಗಲಾಟೆ ಅಂತೆಲ್ಲ ಹೇಳಿ ಮುಚ್ಚೋಕಾಗಲ್ಲ. ಪಂದ್ಯದ ನಂತರ ಅವನೂ ಮುಚ್ಚಲಿಲ್ಲ, ತನ್ನ ಆಟ ಸಾಲದಾಯಿತು ಅಂತ ನೇರವಾಗಿ ಒಪ್ಪಿಕೊಂಡ.

ಆದರೆ ಎಲ್ಲವೂ ಅವನ ಲೆಕ್ಕಕ್ಕಲ್ಲ. ಇಡೀ ಪಂದ್ಯದಲ್ಲಿ ಟೆಕ್ಸಸ್ 336 ಗಜ ಮುಂದೆ ಹೋಗಿದೆ, ಗೆದ್ದ ಓಹಿಯೋ ಸ್ಟೇಟ್ ಬರೀ 203. ಮತ್ತೆ ಸೋತಿದ್ದು ಹೇಗೆ? ನಾಲ್ಕನೇ ಅವಕಾಶದಲ್ಲಿ. ಸಾಮಾನ್ಯವಾಗಿ ಮೂರು ಅವಕಾಶ ಮುಗಿದ ಮೇಲೆ ತಂಡಗಳು ಚೆಂಡನ್ನು ದೂರ ಒದ್ದು ಕೈತೊಳೆದುಕೊಳ್ಳುತ್ತವೆ, ಇಲ್ಲವೇ ಹತ್ತಿರವಿದ್ದರೆ ಗೋಲಿಗೆ ಒದ್ದು ಮೂರು ಪಾಯಿಂಟ್ ತಗೋತವೆ. ಟೆಕ್ಸಸ್ ಕೋಚ್ ಸ್ಟೀವ್ ಸಾರ್ಕಿಸಿಯನ್ ಐದು ಸಲ ಜೂಜಾಡಿದರು, ಗೆದ್ದಿದ್ದು ಒಂದೇ ಸಲ. ಮೂರನೇ ಕ್ವಾರ್ಟರ್‌ನಲ್ಲಿ, ಇನ್ನೂ 7-0 ಇದ್ದಾಗ, ಗೆರೆಗೆ ಒಂದೇ ಒಂದು ಗಜ ಬಾಕಿ. ಆರ್ಚ್ ಚೆಂಡು ಹಿಡಿದು ನೇರ ಗುಂಪಿನೊಳಗೆ ನುಗ್ಗಿದ, ಗೋಡೆಗೆ ಬಡಿದ ಹಾಗೆ ನಿಂತ. ಆ ನಿರ್ಧಾರ ಸರಿಯಾ ತಪ್ಪಾ ಅಂತ ಜಗಳ ಆಡಬಹುದು (ನಮ್ಮ ಗ್ರೂಪಿನಲ್ಲಿ ಆಡ್ತಾನೇ ಇದೀವಿ, ನನ್ನ ಪ್ರಕಾರ ಸರಿಯೇ). ಆದರೆ ಮುಂದಿನ ಸಾಲು ಎದುರಾಳಿಯನ್ನ ಒಂದು ಗಜ ಹಿಂದೆ ತಳ್ಳಲಾರದೇ ಹೋದರೆ ಅದು ಕ್ವಾರ್ಟರ್‌ಬ್ಯಾಕ್‌ನ ತಪ್ಪಾ?

ಆ ಮುಂದಿನ ಸಾಲು, ಅಂದರೆ ಆಫೆನ್ಸಿವ್ ಲೈನ್ ಇದೆಯಲ್ಲ, ಐವರ ಗೋಡೆ. ಹೋದ ವರ್ಷದ ಐವರಲ್ಲಿ ನಾಲ್ವರು ಹೋಗಿದ್ದಾರೆ. ಅದರಲ್ಲಿ ಕೆಲ್ವಿನ್ ಬ್ಯಾಂಕ್ಸ್ ಎನ್‌ಎಫ್‌ಎಲ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯಾದವನು. ರಿಸೀವರ್ ಮ್ಯಾಥ್ಯೂ ಗೋಲ್ಡನ್ ಕೂಡ ಮೊದಲ ಸುತ್ತಿನಲ್ಲೇ ಗ್ರೀನ್ ಬೇಗೆ ಹೋದ. ಐಸಾಯಾ ಬಾಂಡ್ ಇಲ್ಲ, ಗನ್ನರ್ ಹೆಲ್ಮ್ ಇಲ್ಲ. ಟೀಮಿನ ಅರ್ಧ ಸೀನಿಯರ್‌ಗಳು ಬಿಟ್ಟು ಹೋದ ಮೇಲೆ ಹೊಸಬನನ್ನ ಲೀಡ್ ಮಾಡಿ, ಮೊದಲ ವಾರವೇ ದೊಡ್ಡ ರಿಲೀಸ್ ಮಾಡು ಅಂದ ಹಾಗೆ. ಅಂಥದ್ದು ಕಂಡವರಿಗೆ ವಿವರಿಸಬೇಕಿಲ್ಲ. ನಂಬರ್ ಒನ್ ಅಂತ ಕುಣಿಯುವಾಗ ಈ ಪಟ್ಟಿ ನನ್ನ ಕಣ್ಣಿಗೂ ಬಿದ್ದಿರಲಿಲ್ಲ, ಅಥವಾ ಬಿದ್ದಿದ್ದರೂ ಸರ್‌ನೇಮ್ ಅದನ್ನ ಮರೆಮಾಡಿತ್ತು.

ಇನ್ನೊಬ್ಬ ಹುಡುಗನ ವಿಷಯಕ್ಕೆ ಬರ್ತೀನಿ, ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಅದೇ. ಓಹಿಯೋ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸೈಯನ್. ಅವನು ಕಾಲೇಜಿನಲ್ಲಿ ಶುರುವಿಂದ ಆಡಿದ್ದು ಇದೇ ಮೊದಲು. 20 ಎಸೆತ, 13 ತಲುಪಿದವು, 126 ಗಜ, ಒಂದು ಟಚ್‌ಡೌನ್, ಇಂಟರ್‌ಸೆಪ್ಷನ್ ಇಲ್ಲ. ಮರುದಿನ ನಾನು ಓದಿದ್ದರಲ್ಲೆಲ್ಲ ಅವನಿಗೆ 'ಶಾಂತ', 'ಪ್ರಬುದ್ಧ'. ಆರ್ಚ್‌ಗೆ 'ಉಬ್ಬಿಸಿದ ಬಲೂನು'.

ಸುಮ್ಮನೆ ಒಂದು ಲೆಕ್ಕ ಹಾಕಿದೆ. ಎಸೆತಕ್ಕೆ ಸರಾಸರಿ ಆರ್ಚ್ 5.7 ಗಜ, ಸೈಯನ್ 6.3. ಇಬ್ಬರ ಟಚ್‌ಡೌನ್ ಎಸೆತವನ್ನೂ ಪಕ್ಕಕ್ಕಿಡಿ, ಅಂದರೆ ಸೈಯನ್ ಕಾರ್ನೆಲ್ ಟೇಟ್‌ಗೆ ಕೊಟ್ಟ 40 ಗಜ, ಆರ್ಚ್ ಪಾರ್ಕರ್ ಲಿವಿಂಗ್‌ಸ್ಟೋನ್‌ಗೆ ಕೊಟ್ಟ 32 ಗಜ. ಉಳಿದದ್ದರಲ್ಲಿ ಆರ್ಚ್ 29 ಎಸೆತಕ್ಕೆ 138 ಗಜ, ಸೈಯನ್ 19 ಎಸೆತಕ್ಕೆ 86. ಸರಾಸರಿ 4.8 ಮತ್ತು 4.5. ಹೆಚ್ಚುಕಡಿಮೆ ಒಂದೇ! ಹಾಗಂತ ಇಬ್ಬರೂ ಸಮ ಅಂತ ನಾನು ಹೇಳ್ತಿಲ್ಲ. ಸೈಯನ್‌ನ ಆ ಒಂದು ಎಸೆತ ಬಂದಿದ್ದು ಪಂದ್ಯ ತೂಗುಯ್ಯಾಲೆಯಲ್ಲಿದ್ದಾಗ, ಅದರಿಂದ 14-0 ಆಯ್ತು. ಆರ್ಚ್‌ನದ್ದು ಬಂದಿದ್ದು ಕೊನೆಯ ನಾಲ್ಕು ನಿಮಿಷದೊಳಗೆ. ಚೆಂಡು ಎದುರಾಳಿ ಕೈಗೆ ಕೊಡಬಾರದು ಅನ್ನೋ ಮೊದಲ ಪಾಠ ಸೈಯನ್ ಪಾಲಿಸಿದ, ಇವನು ಒಮ್ಮೆ ತಪ್ಪಿದ. ಆದರೆ ಸೈಯನ್‌ಗೆ ಕೋಚ್ ರಯನ್ ಡೇ ಕೊಟ್ಟ ಕೆಲಸವೇ ಚಿಕ್ಕದು. ಇಪ್ಪತ್ತೇ ಎಸೆತ, ತಪ್ಪು ಮಾಡಬೇಡ, ಉಳಿದದ್ದನ್ನ ಡಿಫೆನ್ಸ್ ನೋಡಿಕೊಳ್ಳುತ್ತೆ. ಆರ್ಚ್‌ಗೆ ಕೊಟ್ಟಿದ್ದು ಇಡೀ ಮನೆ ಹೊರೋ ಕೆಲಸ. ಚಿಕ್ಕ ಕೆಲಸ ಅಚ್ಚುಕಟ್ಟಾಗಿ ಮಾಡಿದವನು ಪ್ರಬುದ್ಧ, ದೊಡ್ಡದರಲ್ಲಿ ಎಡವಿದವನು ಬಲೂನು. ಕಂಪನಿಯ ರಿವ್ಯೂ ಮೀಟಿಂಗ್ ನೆನಪಾದರೆ ನನ್ನ ತಪ್ಪಲ್ಲ.

ಮ್ಯಾನಿಂಗ್ ಅಭಿಮಾನಿಗಳು ಈಗ ಎತ್ತಿ ತೋರಿಸ್ತಿರೋದು ಪೇಟನ್‌ನ ಕಥೆ. 1998ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ ಆಡಿದ ಮೊದಲ ಎನ್‌ಎಫ್‌ಎಲ್ ಪಂದ್ಯದಲ್ಲಿ ಮೂರು ಇಂಟರ್‌ಸೆಪ್ಷನ್, ಆ ಸೀಸನ್ನಿನಲ್ಲಿ ಒಟ್ಟು 28. ಹೊಸಬರ ಮಟ್ಟಿಗೆ ಅದು ದಾಖಲೆ. ತಂಡ 3 ಗೆದ್ದು 13 ಸೋತಿತು. ಮರುವರ್ಷ ಸರಿಯಾಗಿ ಉಲ್ಟಾ, 13 ಗೆದ್ದು 3 ಸೋಲು. ಕೇಳೋಕೆ ಚೆಂದದ ಕಥೆ. ಆದರೆ ಇದನ್ನ ಆರ್ಚ್ ಪರವಾಗಿ ಸಾಕ್ಷಿ ಮಾಡೋದು ಅಪ್ಪ ಬೈದ ಅದೇ ತಪ್ಪು. ಚಿಕ್ಕಪ್ಪನ ಗೆಲುವು ಇವನ ಖಾತೆಗೆ ಬೀಳೋದಿಲ್ಲ ಅಂದಮೇಲೆ ಚಿಕ್ಕಪ್ಪನ ಸೋಲೂ ಇವನಿಗೆ ಜಾಮೀನಾಗೋದಿಲ್ಲ.

ನನಗೆ ಆಸೆ ಕೊಟ್ಟಿದ್ದು ಬೇರೆ. 14-0 ಆಗಿತ್ತು, ಸ್ಟೇಡಿಯಂ ಕಿವಿ ಕಿತ್ತುಹೋಗೋ ಹಾಗೆ ಕೂಗ್ತಿತ್ತು, ಮೂರು ಕ್ವಾರ್ಟರ್ ಏನೂ ನಡೆದಿರಲಿಲ್ಲ. ಅಂಥ ಹೊತ್ತಲ್ಲಿ ಅವನ ಪಾದ ನೆಲ ಕಚ್ಚಿತು. ಎಸೆತ ನೇರವಾಯ್ತು. ಲಿವಿಂಗ್‌ಸ್ಟೋನ್‌ಗೆ ಹೋದ ಆ ಚೆಂಡಿನಲ್ಲಿ ಹಿಂದಿನ ಗಡಿಬಿಡಿಯ ಗುರುತೇ ಇರಲಿಲ್ಲ. ಆಮೇಲೆ ಮತ್ತೊಮ್ಮೆ ಚೆಂಡು ಸಿಕ್ಕಿತು, ಕೊನೆಯ ನಾಲ್ಕನೇ ಅವಕಾಶದಲ್ಲಿ ಜ್ಯಾಕ್ ಎಂಡ್ರೀಸ್ ಹಿಡಿದ, ಆದರೆ ಬೇಕಾದ ಗೆರೆಗೆ ಮುಂಚೆಯೇ ಕೆಡವಿದರು. ಅಲ್ಲಿಗೆ ಮುಗೀತು. ಓಹಿಯೋ ಸ್ಟೇಟ್ ಆಗ ದೂರದ ಎಸೆತ ಮಾತ್ರ ಬೇಡ ಅಂತ ಹಿಂದೆ ಸರಿದು ಆಡ್ತಿತ್ತು, ಅದಕ್ಕೇ ಸಲೀಸಾಯ್ತು ಅಂತ ನಮ್ಮ ಗ್ರೂಪಿನ ಒಬ್ಬರ ವಾದ. ಸ್ವಲ್ಪ ನಿಜ. ಸೋತೆ ಅಂತ ಕೈಚೆಲ್ಲಿದವನ ಆಟ ಮಾತ್ರ ಅದಾಗಿರಲಿಲ್ಲ.

ಹಾಗಾಗಿ ಹತ್ತಕ್ಕೆ ನಾಲ್ಕೂವರೆ. ಕಾಲು ಸರಿಯಿಲ್ಲದ್ದಕ್ಕೆ, ಹತ್ತಿರದ ಎಸೆತ ತಪ್ಪಿದ್ದಕ್ಕೆ, ಆ ಇಂಟರ್‌ಸೆಪ್ಷನ್‌ಗೆ ಕಡಿತ. ಗೋಡೆ ಬಿದ್ದಿದ್ದಕ್ಕೆ, ಜೂಜು ಕೈಕೊಟ್ಟಿದ್ದಕ್ಕೆ ಕಡಿತ ಇಲ್ಲ. ಹೋದ ಸಲದ ನನ್ನ ಅಂಕಣಕ್ಕೆ ಹತ್ತಕ್ಕೆ ಎರಡು, ಅದೂ ಕಾಗುಣಿತ ಸರಿ ಇದ್ದಿದ್ದಕ್ಕೆ.

ಈ ಶನಿವಾರ ಆಸ್ಟಿನ್‌ನಲ್ಲಿ ಸ್ಯಾನ್ ಹೋಸೆ ಸ್ಟೇಟ್ ವಿರುದ್ಧ ಪಂದ್ಯ. ಆರ್ಚ್ ನಾಲ್ಕು ಟಚ್‌ಡೌನ್ ಎಸೆದು, 'ವಾಪಸ್ ಬಂದ' ಅಂತ ಎಲ್ಲರೂ ಕುಣಿಯುವ ಸಾಧ್ಯತೆ ಚೆನ್ನಾಗಿದೆ. ಈ ಸಲ ನಾನು ಫಾರ್ವರ್ಡ್ ಮಾಡೋದಿಲ್ಲ. ಟಚ್‌ಡೌನ್ ಬಿಟ್ಟು ಹತ್ತು ಗಜದ ಎಸೆತ ನೋಡ್ತೀನಿ, ಎಸೆಯುವಾಗ ಪಾದ ಎಲ್ಲಿದೆ ನೋಡ್ತೀನಿ. ನಿಜವಾದ ಎರಡನೇ ಪರೀಕ್ಷೆ ಅಕ್ಟೋಬರ್ 4ಕ್ಕೆ ಫ್ಲಾರಿಡಾದವರ ಅಂಗಳದಲ್ಲಿ, ಅದಾದ ಮುಂದಿನ ಶನಿವಾರವೇ ಡಲ್ಲಾಸ್‌ನಲ್ಲಿ ಓಕ್ಲಹೋಮ. ಚುರುಮುರಿ ಮನೆಯವರು ಎರಡಕ್ಕೂ ಈಗಲೇ ಕರೆದಿದ್ದಾರೆ, ಭವಿಷ್ಯ ಹೇಳಬಾರದು ಅನ್ನೋ ಷರತ್ತಿನ ಮೇಲೆ.