ಬೀಗ ತಾನಾಗಿ ಬಿದ್ದಿದೆ, ಕೀಲಿಕೈ ಎಲ್ಲಿ?

ಡೊಂಬಿವಲಿಯಲ್ಲಿ ನಮ್ಮ ನೆರೆಮನೆಯ ವಿಜಯಪುರದ ಕಾಕಾ ಈಚೆಗೆ ಲ್ಯಾಪ್‌ಟಾಪ್ ಹಿಡಿದು ಬಂದರು. ರಿಪೇರಿಯಲ್ಲಿ ಮದರ್‌ಬೋರ್ಡ್ ಬದಲಾಗಿತ್ತು. ಈಗ ಅದು ನೀಲಿ ಪರದೆಯಲ್ಲಿ 48 ಅಂಕಿಗಳ ರಿಕವರಿ ಕೀ ಕೇಳುತ್ತಿತ್ತು. ‘ನಾ ಎಲ್ಲೂ ಕೀಲಿ ಹಾಕಿಲ್ಲಲ್ಲೋ ತಮ್ಮಾ’ ಎಂದರು. ಒಳಗೆ ಊರಿನ ಹೊಲದ ಕಾಗದಗಳಿದ್ದವು.

ಅವರು ಹೇಳಿದ್ದು ನಿಜ. 2024ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಇರುವ ಬಹುತೇಕ ಹೊಸ ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಹೊಸ ಯಂತ್ರ ಕೊಂಡವರಲ್ಲಿ ಅನೇಕರಿಗೆ ಈ ಬೀಗ ಬಿದ್ದಿರುವುದೇ ಗೊತ್ತಿಲ್ಲ.

ಹಾಗೆಂದು ಆಫ್ ಮಾಡಬೇಕೇ? ಬೇಡ. ಕಲ್ಯಾಣದಿಂದ ಹೊರಟು ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿ, ಘನ್ಸೋಲಿಗೆ ಹೋಗುವ ನಮ್ಮ ಬ್ಯಾಗು ಲೋಕಲ್‌ನ ರ‍್ಯಾಕಿನಲ್ಲಿರುತ್ತದೆ. ಅದು ಕಳೆದರೆ ವಿಂಡೋಸ್ ಪಾಸ್‌ವರ್ಡ್ ಒಂದೇ ಸಾಲದು. ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಕಡತಗಳೆಲ್ಲ ತೆರೆದುಕೊಳ್ಳುತ್ತವೆ. ಎನ್‌ಕ್ರಿಪ್ಟ್ ಆಗಿದ್ದರೆ ಹೋಗುವುದು ಯಂತ್ರ ಮಾತ್ರ. ಗ್ರಾಹಕರ ದತ್ತಾಂಶ ಇಟ್ಟುಕೊಳ್ಳುವ ಸಂಸ್ಥೆಗಳಿಗೆ ಇದು ಕಾನೂನಿನ ಮಾತೂ ಹೌದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸುರಕ್ಷತೆಯಲ್ಲಿ ಎಡವಿದರೆ ದಂಡ 250 ಕೋಟಿ ರೂಪಾಯಿವರೆಗೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ.

ಆದರೆ ಕೀಲಿಕೈ ಇಲ್ಲದ ಬೀಗ ಕಳ್ಳನನ್ನೂ ಯಜಮಾನನನ್ನೂ ಒಂದೇ ರೀತಿ ಹೊರಗೆ ನಿಲ್ಲಿಸುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಕೆಟ್ಟು ನಿಂತಾಗ, ಎನ್‌ಕ್ರಿಪ್ಟ್ ಆದವನ್ನು ಸರಿಪಡಿಸಲು ಎಂಜಿನಿಯರ್‌ಗಳು ಮೊದಲು ಹುಡುಕಿದ್ದು ಇದೇ 48 ಅಂಕಿಗಳನ್ನು. ಕಚೇರಿಗಾದರೆ ಐಟಿ ವಿಭಾಗ ಇದೆ, ಮನೆಗೆ ಯಾರಿದ್ದಾರೆ?

ಆದ್ದರಿಂದ ಇಂದೇ ಸೆಟ್ಟಿಂಗ್ಸ್‌ನ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ಯಲ್ಲಿ ‘ಡಿವೈಸ್ ಎನ್‌ಕ್ರಿಪ್ಶನ್’ ನೋಡಿ. ಆನ್ ಇದ್ದರೆ ಮೈಕ್ರೋಸಾಫ್ಟ್ ಖಾತೆಯಿಂದ ಕೀ ತೆಗೆದು, ಕಾಗದದಲ್ಲಿ ಮುದ್ರಿಸಿ ಮನೆಯ ಪತ್ರಗಳ ಜೊತೆ ಇಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಲ್ಲ. ವಿಂಡೋಸ್ ಪ್ರೊನಲ್ಲಿ ಫೋಲ್ಡರ್‌ನ ಪ್ರಾಪರ್ಟೀಸ್‌ಗೆ ಹೋಗಿ ಅದೊಂದನ್ನೇ ಎನ್‌ಕ್ರಿಪ್ಟ್ ಮಾಡಿದವರು ಅದರ ಸರ್ಟಿಫಿಕೇಟನ್ನೂ ಬೇರೆಡೆ ಉಳಿಸಿಕೊಳ್ಳಿ. ಇಲ್ಲದಿದ್ದರೆ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಆ ಕಡತಗಳು ತೆರೆಯವು. ಕಚೇರಿಯ ಯಂತ್ರದಲ್ಲಿ ಮಾತ್ರ ಏನನ್ನೂ ಬದಲಿಸಬೇಡಿ.

ಕಾಕಾರ ಕೀ ಕೊನೆಗೂ ಸಿಕ್ಕಿತು. ಯಂತ್ರ ಕೊಂಡ ದಿನ ಮೊದಲು ಲಾಗಿನ್ ಆಗಿದ್ದವನು ಪುಣೆಯ ಮಗ. ಕೀ ಅವನ ಖಾತೆಯಲ್ಲಿತ್ತು. ಅದೀಗ ಹೊಲದ ಮೂಲಪತ್ರಗಳ ಜೊತೆ ಅವರ ಟ್ರಂಕಿನಲ್ಲಿದೆ.