ಅಕ್ಷರವಿಲ್ಲದ ಕಲ್ಲಿಗೆ ಚರಿತ್ರೆಯಿಲ್ಲವೇ? – ಹಾಗಲವಾಡಿ ಸೀಮೆಯ ನೆಪದಲ್ಲಿ

ಗುಬ್ಬಿ ಸೀಮೆಯ ಚರಿತ್ರೆಯನ್ನು ಬರೆಯಹೊರಟವರೆಲ್ಲ ಮೊದಲು ಕೈಗೆತ್ತಿಕೊಳ್ಳುವುದು ಕಡಬದ ತಾಮ್ರಶಾಸನವನ್ನು. ಕ್ರಿ.ಶ. 812ರ ಈ ಶಾಸನದಲ್ಲಿ ರಾಷ್ಟ್ರಕೂಟ ಮೂರನೆಯ ಗೋವಿಂದನು ಜಿನೇಂದ್ರಭವನಕ್ಕಾಗಿ ಅರ್ಕಕೀರ್ತಿ ಮುನಿಗೆ ಜಾಲಮಂಗಲವೆಂಬ ಗ್ರಾಮವನ್ನು ದತ್ತಿ ಬಿಟ್ಟ ಸಂಗತಿಯಿದೆ. ಕುನುಂಗಿಲ್ ದೇಶವನ್ನು, ಎಂದರೆ ಇಂದಿನ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನ ಶನಿಪೀಡೆಯನ್ನು ಆ ಮುನಿ ಪರಿಹರಿಸಿದನೆಂಬ ಸ್ವಾರಸ್ಯವೂ ಅದರಲ್ಲಿದೆ. ಅಲ್ಲಿಂದ ಲೇಖಕರು ಹೊಯ್ಸಳರ ಕಾಲದ ನಿಟ್ಟೂರಿನ ಶಾಂತೀಶ್ವರ ಬಸದಿಗೆ ಹಾಯುತ್ತಾರೆ. ಅಲ್ಲಿಂದ ಹಾಗಲವಾಡಿಯ ಪಾಳೆಯಗಾರರಿಗೆ. ಅಷ್ಟಕ್ಕೆ ಚರಿತ್ರೆ ಮುಗಿಯಿತು. 812ಕ್ಕಿಂತ ಹಿಂದೆ ಈ ನೆಲದಲ್ಲಿ ಮನುಷ್ಯರಿರಲಿಲ್ಲವೇ, ಇದ್ದವರು ಸಾಯುತ್ತಿರಲಿಲ್ಲವೇ, ಸತ್ತವರಿಗೆ ಉಳಿದವರು ಏನು ಮಾಡಿದರು ಎಂಬ ಪ್ರಶ್ನೆಗಳಿಗೆ ಆ ಬರಹಗಳಲ್ಲಿ ಒಂದು ಸಾಲೂ ಮೀಸಲಿಲ್ಲ. ಹೊಲದಂಚಿನ ಕಲ್ಲುಗಳ ಮಾತು ಬಂದರೆ ‘ಪಾಂಡವರ ಕಾಲದ್ದು’ ಎಂಬ ಎರಡು ಪದಗಳಲ್ಲಿ ವಿಷಯ ತೀರುತ್ತದೆ. ಹಳ್ಳಿಯ ಮುದುಕರು ಹಾಗೆ ಹೇಳಿದರೆ ಅದು ಐತಿಹ್ಯ. ಪದವಿ ಪಡೆದವರು ಅದನ್ನೇ ಹೇಳಿದರೆ ಸೋಮಾರಿತನ.

ತುಮಕೂರು, ಚಿತ್ರದುರ್ಗ, ಬೆಂಗಳೂರು, ಕೋಲಾರ ಜಿಲ್ಲೆಗಳ ಬಯಲುಗಳಲ್ಲಿ ಹರಡಿರುವ ಈ ಕಲ್ಲುಗಳನ್ನು ವಿದ್ವಾಂಸರು ಬೃಹತ್ ಶಿಲಾಯುಗದ ಸಮಾಧಿಗಳೆಂದು ಗುರುತಿಸಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಗುಂಡುಗಲ್ಲುಗಳನ್ನು ದುಂಡಾಗಿ ಜೋಡಿಸಿದ ಕಲ್ಲುಸುತ್ತು, ನಾಲ್ಕು ಚಪ್ಪಡಿಗಳ ಮೇಲೆ ಮುಚ್ಚಳಗಲ್ಲು ಹೊದಿಸಿದ ಕಲ್ಮನೆ, ಒಂಟಿಯಾಗಿ ನೆಟ್ಟ ನಿಲಸುಗಲ್ಲು, ಮಣ್ಣು-ಕಲ್ಲುಗಳ ದಿಬ್ಬ, ಹೀಗೆ ಇವುಗಳ ಬಗೆ ಹಲವು. 1947ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಇವುಗಳ ರಚನೆ ಸ್ಪಷ್ಟವಾಯಿತು. ಚಪ್ಪಡಿಗಳು ಒಂದನ್ನೊಂದು ಸ್ವಸ್ತಿಕದ ತೋಳುಗಳಂತೆ ಅವುಚಿ ನಿಂತಿವೆ. ಆದ್ದರಿಂದ ಸುತ್ತಣ ಮಣ್ಣಿನ ಒತ್ತಡ ಹೆಚ್ಚಿದಷ್ಟೂ ಗೂಡು ಬಿಗಿಯಾಗುತ್ತದೆ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಆಯ್ದು ತಂದಿಟ್ಟ ಮೂಳೆಗಳು, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು, ಮಣಿಗಳು. ಶವವನ್ನು ಬೇರೆಡೆ ಬಯಲಿಗಿಟ್ಟು, ಮಾಂಸ ಕರಗಿದ ಮೇಲೆ ಮೂಳೆಗಳನ್ನು ತಂದು, ಊರವರೆಲ್ಲ ಕೂಡಿ ಟನ್ನುಗಟ್ಟಲೆ ತೂಕದ ಮುಚ್ಚಳಗಲ್ಲನ್ನು ಏರಿಸಿದ ಕೆಲಸವಿದು. ಕಬ್ಬಿಣವನ್ನು ಕರಗಿಸಿ ಬಡಿದು ಬಳಸಿದ ಜನ ಅವರು. ಹಾಗಲವಾಡಿಗೆ ನೆರೆಯಾದ ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನಲ್ಲಿ ಕಬ್ಬಿಣದ ಅದಿರಿದೆ. ಅದನ್ನು ಎಷ್ಟು ಲಾರಿಗಳಲ್ಲಿ ಸಾಗಿಸಿದರೆಂಬ ಲೆಕ್ಕ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತುಮಕೂರು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೂ ಪತ್ರಿಕೆಗಳಲ್ಲಿ ತುಂಬಿತ್ತು. ಕಬ್ಬಿಣವನ್ನು ಈ ನಾಡಿನ ಬದುಕಿಗೆ ತಂದವರ ಗೋರಿಗಳು ಎಷ್ಟು ಹೋದವೆಂಬ ಲೆಕ್ಕವನ್ನು ಕೇಳಿದವರಿಲ್ಲ.

ಈ ಅಲಕ್ಷ್ಯಕ್ಕೆ ಮೊದಲ ಹೊಣೆ ಕನ್ನಡ ಅಧ್ಯಯನದ ಅಕ್ಷರವ್ಯಾಮೋಹ. ಕನ್ನಡದ ಎಂ.ಎ. ತರಗತಿಯಲ್ಲಿ ಶಾಸನವೆಂದರೆ ಹಲ್ಮಿಡಿ, ಕಪ್ಪೆ ಅರಭಟ್ಟ, ಶ್ರವಣಬೆಳಗೊಳ, ಆತಕೂರು. ಇವೆಲ್ಲ ಓದಲೇಬೇಕಾದವು, ಸಂದೇಹವಿಲ್ಲ. ಆದರೆ ಶಾಸನವನ್ನು ಪಠ್ಯವಾಗಿ ಮಾತ್ರ ನೋಡುವ ಅಭ್ಯಾಸ ಎಷ್ಟು ಬೇರೂರಿದೆಯೆಂದರೆ, ಆ ಪಠ್ಯ ಯಾವ ಕಲ್ಲಿನ ಮೇಲಿದೆ, ಆ ಕಲ್ಲು ಯಾವ ನೆಲದಲ್ಲಿ ಯಾವ ದಿಕ್ಕಿಗೆ ನಿಂತಿದೆ, ಅದರ ಅಕ್ಕಪಕ್ಕ ಏನಿದೆ ಎಂಬುದನ್ನು ವಿದ್ಯಾರ್ಥಿ ಕೇಳುವುದಿಲ್ಲ, ಅಧ್ಯಾಪಕ ಹೇಳುವುದಿಲ್ಲ. ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬೆಳಕಿಗೆ ತಂದದ್ದು ಪ್ರತಿ ಪಠ್ಯಪುಸ್ತಕದಲ್ಲೂ ಇದೆ. ಅದೇ ಬಯಲಿನಲ್ಲಿ ನೂರಾರು ಶಿಲಾಸಮಾಧಿಗಳಿವೆಯೆಂಬುದು ಎಷ್ಟು ಪಠ್ಯಪುಸ್ತಕಗಳಲ್ಲಿದೆ?

ಐಹೊಳೆಯ ನಿದರ್ಶನ ಇನ್ನೂ ಕಟುವಾದುದು. ಮೇಗುಟಿ ಗುಡ್ಡದ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿಯು ಕಟ್ಟಿಸಿದ ಜಿನಾಲಯವಿದೆ. ಅದರ ಗೋಡೆಯ ಪ್ರಶಸ್ತಿಯಲ್ಲಿ ಪುಲಕೇಶಿಯು ಹರ್ಷನನ್ನು ಸೋಲಿಸಿದ ವಾರ್ತೆಯಿದೆ. ರವಿಕೀರ್ತಿಯು ತನ್ನ ಕೀರ್ತಿಯನ್ನು ಕಾಳಿದಾಸ-ಭಾರವಿಯರ ಸಾಲಿಗೆ ಸೇರಿಸಿಕೊಂಡ ಆತ್ಮಪ್ರಶಂಸೆಯೂ ಇದೆ. ಪ್ರವಾಸದ ಬಸ್ಸುಗಳಲ್ಲಿ ಬರುವ ವಿದ್ಯಾರ್ಥಿಗಳು ಮೆಟ್ಟಿಲೇರಿ, ಆ ಶಾಸನದ ಮುಂದೆ ನಿಂತು, ಭಾವಚಿತ್ರ ತೆಗೆಸಿಕೊಂಡು ಇಳಿದುಹೋಗುತ್ತಾರೆ. ಅದೇ ಗುಡ್ಡದ ನೆತ್ತಿಯಲ್ಲಿ, ಬಸದಿಯಿಂದ ಕೆಲವೇ ಹೆಜ್ಜೆಗಳಾಚೆ, ರವಿಕೀರ್ತಿಗಿಂತ ಎಷ್ಟೋ ಶತಮಾನಗಳ ಹಿಂದಿನ ಕಲ್ಮನೆಗಳು ನಿಂತಿವೆ. ಆ ಜಿನಾಲಯದ ಕಲ್ಲುಕುಟಿಗರು ಅವುಗಳ ನಡುವೆಯೇ ಓಡಾಡಿ ಕೆಲಸ ಮಾಡಿರಬೇಕು. ಕೈಗೆಟುಕುವಷ್ಟು ಹತ್ತಿರದಲ್ಲಿ ಸಿದ್ಧವಾಗಿ ಬಿದ್ದ ಚಪ್ಪಡಿಗಳು ಅವು. ಹಾಗಿದ್ದೂ ಇಂದು ನೋಡಲು ಅಷ್ಟು ಕಲ್ಮನೆಗಳು ಉಳಿದಿವೆ. ಸತ್ತವರ ಮನೆಗಳಿದ್ದ ಗುಡ್ಡದ ಮೇಲೆಯೇ ಜಿನನಿಗೆ ಮನೆ ಕಟ್ಟಿದ್ದರ ಅರ್ಥವೇನೆಂಬುದು ಕನ್ನಡ ಸಂಸ್ಕೃತಿಯ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ. ಅದನ್ನು ಕೇಳಬೇಕಾದರೆ ಅವನು ಶಾಸನಕ್ಕೆ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆಯಬೇಕು, ಅಷ್ಟೆ.

ಎರಡನೆಯ ದೋಷ ಸ್ವಸಮಾಜದ್ದು; ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಸುಮಾರು 400 ಶಿಲಾಸಮಾಧಿಗಳಿವೆ. ಜನ ಅದನ್ನು ಮೋರಿಯರ ಗುಡ್ಡವೆನ್ನುತ್ತಾರೆ. ಮೋರಿಯರೆಂಬ ಕುಳ್ಳರು ಅಲ್ಲಿ ವಾಸವಾಗಿದ್ದರೆಂಬುದು ಐತಿಹ್ಯ. ‘ಮೋರಿಯ’ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಕೆಲವರಿಗೆ ಮೌರ್ಯ ಚಂದ್ರಗುಪ್ತ ನೆನಪಾಗುತ್ತಾನೆ, ಅವನ ಹಿಂದೆಯೇ ಭದ್ರಬಾಹುಸ್ವಾಮಿಗಳು, ದ್ವಾದಶವರ್ಷದ ಕ್ಷಾಮ, ಕಳ್ವಪ್ಪು ಬೆಟ್ಟ! ಕಲ್ಮನೆಗಳು ಮುನಿಗಳ ತಪೋಗೃಹಗಳಾದವು, ದುಂಡುಕಿಂಡಿ ಆಹಾರ ನೀಡುವ ದ್ವಾರವಾಯಿತು. ಇಷ್ಟು ದೂರ ನೆಗೆಯಲು ಆಧಾರ ಒಂದು ಶಬ್ದಸಾಮ್ಯ ಮಾತ್ರ. ಕಬ್ಬಿಣಯುಗದ ಈ ಸಮಾಧಿ ಪದ್ಧತಿ ಚಂದ್ರಗುಪ್ತನಿಗಿಂತ ಶತಮಾನಗಳಷ್ಟು ಹಿಂದೆಯೇ ಈ ನಾಡಿನಲ್ಲಿ ನೆಲೆಗೊಂಡಿತ್ತು. ಕನ್ನಡ ನಾಡಿನ ಜೈನ ಪರಂಪರೆಗೆ ಇಲ್ಲದ ಪ್ರಾಚೀನತೆಯನ್ನು ಸಾಲವಾಗಿ ತರುವ ದಾರಿದ್ರ್ಯವಿಲ್ಲ. ಪರರ ಗೋರಿಯನ್ನು ತಮ್ಮದೆನ್ನುವ ಈ ಉತ್ಸಾಹಿಗಳೇ ತಮ್ಮ ಊರಿನ ನಿಸಿಧಿಗಲ್ಲು ದನ ಕಟ್ಟುವ ಗೂಟವಾಗಿರುವುದನ್ನು ಕಂಡೂ ಕಾಣದಂತೆ ಹೋಗುತ್ತಾರೆ. ಹೊಸ ಬಿಂಬಕ್ಕೆ ರಾಜಸ್ಥಾನದ ಅಮೃತಶಿಲೆಯನ್ನು ತರಿಸಲು ಹಣ ಒದಗುತ್ತದೆ. ಹತ್ತನೆಯ ಶತಮಾನದ ಕಂತಿಯೊಬ್ಬಳು ಸಲ್ಲೇಖನದಿಂದ ಮುಡಿಪಿದಳೆಂದು ಸಾರುವ ಕಲ್ಲನ್ನು ಚರಂಡಿಯ ದಡದಿಂದ ನಾಲ್ಕು ಅಡಿ ಮೇಲಕ್ಕೆ ನಿಲ್ಲಿಸಲು ಒದಗುವುದಿಲ್ಲ.

ಬೃಹತ್ ಶಿಲಾಸಮಾಧಿಯೂ ನಿಸಿಧಿಯೂ ಒಂದೇ ಎನ್ನುವುದು ಇಲ್ಲಿನ ವಾದವಲ್ಲ. ವ್ಯತ್ಯಾಸ ಮೂಲಭೂತವಾದುದು. ಅಲ್ಲಿ ಮೂಳೆಯಿದೆ, ಸತ್ತವನ ಮುಂದಿನ ಪಯಣಕ್ಕೆ ಮಡಕೆ-ಆಯುಧಗಳಿವೆ. ಇಲ್ಲಿ ಮೂಳೆಯಿಲ್ಲ, ಎಡೆಯಿಲ್ಲ. ದೇಹವನ್ನು ತೊರೆದವರ ವ್ರತಕ್ಕೆ ಸಂದ ಗುರುತು ಮಾತ್ರ. ಡಾ. ಷ. ಶೆಟ್ಟರ್ ಅವರು ಶ್ರವಣಬೆಳಗೊಳದ ಸ್ಮಾರಕಗಳ ಅಧ್ಯಯನಗಳಲ್ಲಿ ಮರಣವನ್ನು ಅರಸಿಹೋದವರ ಈ ಲೋಕವನ್ನು ವಿಸ್ತಾರವಾಗಿ ತೆರೆದಿಟ್ಟಿದ್ದಾರೆ. ಆದರೂ ಒಂದು ಕ್ರಿಯಾಪದ ಎರಡು ಕಡೆಯೂ ಇದೆ, ‘ನಿಲಿಸು’. ಹೊಸನಗರ ತಾಲ್ಲೂಕಿನ ನಿಲಸ್ಕಲ್ಲು ಎಂಬ ಊರಿಗೆ ಹೆಸರು ಬಂದುದು ಅಲ್ಲಿನ ನಿಲಸುಗಲ್ಲುಗಳಿಂದ. ವೀರಗಲ್ಲು-ನಿಸಿಧಿಗಳ ಶಾಸನಗಳಲ್ಲಿ ಮಗ ತಂದೆಗೆ, ಶಿಷ್ಯೆ ಗುರುವಿಗೆ ‘ಪರೋಕ್ಷವಿನಯ’ಕ್ಕಾಗಿ ಕಲ್ಲನ್ನು ನಿಲಿಸಿದರೆಂದು ಮತ್ತೆ ಮತ್ತೆ ಬರುತ್ತದೆ. ಕಣ್ಣಿನಿಂದ ಮರೆಯಾದವರಿಗೆ ಸಲ್ಲಿಸುವ ವಿನಯವೆಂಬ ಆ ಪದವೊಂದೇ ಈ ಕಲ್ಲುಗಳನ್ನೆಲ್ಲ ನೋಡಲು ಸಾಕಾದ ಕಣ್ಣು. ವಿನಯ ಸಲ್ಲುವುದು ಒಂದು ಸ್ಥಳದಲ್ಲಿ. ಚಂದ್ರಗಿರಿಯ ಏಳನೆಯ ಶತಮಾನದ ಎಷ್ಟೋ ಸಮಾಧಿಶಾಸನಗಳನ್ನು ಬೇರೆ ಕಲ್ಲು ತಂದು ನಿಲ್ಲಿಸದೆ ಬೆಟ್ಟದ ಹಾಸುಬಂಡೆಯ ಮೇಲೆಯೇ ಕೊರೆದರು. ಕದಲಿಸಲಾಗದ ಕಾರಣಕ್ಕೇ ಅವು ಇದ್ದಲ್ಲಿ ಇವೆ.

ಹಾಗಾಗಿ ಮೂರನೆಯ ಆಕ್ಷೇಪ ‘ಸಂರಕ್ಷಣೆ’ಯ ಹೆಸರಿನ ಸಾಗಾಟದ ಮೇಲೆ. ಊರಾಚೆಯ ವೀರಗಲ್ಲನ್ನು ಕಿತ್ತು ದೇವಸ್ಥಾನದ ಆವರಣಕ್ಕೆ ತಂದು, ಸಿಮೆಂಟಿನ ಕಟ್ಟೆಯಲ್ಲಿ ಹೂತು, ಮೇಲೆ ಎಣ್ಣೆಬಣ್ಣ ಬಳಿದರೆ ಊರವರಿಗೆ ಪುಣ್ಯ ಬಂದಂತೆ. ಕಟ್ಟೆಯೊಳಗೆ ಹೂತುಹೋಗುವುದು ಬಹುಮಟ್ಟಿಗೆ ಕೆಳಗಿನ ಸಾಲುಗಳೇ. ಬಣ್ಣದ ಪದರದಡಿ ಉಳಿದವೂ ಮಂಕಾಗುತ್ತವೆ. ಆ ವೀರ ತುರು ಕಾಯ್ದು ಬಿದ್ದ ಗಡಿ ಯಾವುದು, ಒಡೆಯುತ್ತಿದ್ದ ಕೆರೆಯ ಏರಿ ಯಾವುದು ಎಂಬುದು ಕಲ್ಲು ಕಿತ್ತ ದಿನವೇ ಅಳಿಯಿತು. ಹೆಬ್ಬಾಳದ ಕಿತ್ತಯ್ಯನ ಕಲ್ಲಿಗೆ ಊರವರ ಮುತುವರ್ಜಿಯಿಂದ ಮಂಟಪ ಬಂದದ್ದು ಸಂತೋಷದ ಸಂಗತಿ. ಆದರೆ ಆ ಭಾಗ್ಯ ಅದಕ್ಕೆ ದೊರೆತದ್ದು ಎಂಟನೆಯ ಶತಮಾನದ ಅಕ್ಷರಗಳಿಂದ. ಅಕ್ಷರವಿಲ್ಲದ ಕಲ್ಲುಸುತ್ತಿಗೆ ಮಂಟಪ ಕಟ್ಟುವವರು ಯಾರು? ಅದನ್ನು ಸಾಗಿಸಿದರಂತೂ ಉಳಿಯುವುದು ಒಂದಷ್ಟು ಗುಂಡುಕಲ್ಲು.

ಹೊರದೇಶದ ಒಂದು ಹೋಲಿಕೆ ಇಲ್ಲಿ ಉಪಯುಕ್ತ. ಸ್ವೀಡನ್ನಿನಲ್ಲಿ ರೂನ್ ಲಿಪಿಯ ಸುಮಾರು 2500 ಸ್ಮಾರಕಶಿಲೆಗಳಿವೆ. ಹೆಚ್ಚಿನವು ಹನ್ನೊಂದನೆಯ ಶತಮಾನದವು. ಇಂಥವನು ತನ್ನ ತಂದೆಗಾಗಿ, ಇಂಥವಳು ತನ್ನ ಗಂಡನಿಗಾಗಿ ನಿಲ್ಲಿಸಿದ ಕಲ್ಲು ಎಂಬ ಧಾಟಿ. ಗುಬ್ಬಿ ಸೀಮೆಯ ವೀರಗಲ್ಲನ್ನು ಓದಬಲ್ಲವರಿಗೆ ಆ ಧಾಟಿ ಅಪರಿಚಿತವೆನಿಸದು. ಅಲ್ಲಿಯೂ ಜನ ಆ ಕಲ್ಲುಗಳನ್ನು ಚರ್ಚಿನ ಗೋಡೆಗೆ, ಸೇತುವೆಗೆ ಬಳಸಿಕೊಂಡರು. ಆದರೆ 1666ರಲ್ಲೇ ರಾಜಾಜ್ಞೆ ಹೊರಟು ಪ್ರಾಚೀನ ಸ್ಮಾರಕಗಳಿಗೆ ಹಾನಿ ಮಾಡುವುದು ನಿಷಿದ್ಧವಾಯಿತು. ಇಂದು ಆ ದೇಶದ ಕಾನೂನಿನಲ್ಲಿ ಪ್ರಾಚೀನ ಅವಶೇಷವು ಪಟ್ಟಿಗೆ ಸೇರುವ ಮೊದಲೇ ತಾನಾಗಿ ರಕ್ಷಿತ, ಅದು ಗೋರಿಯಾಗಲಿ, ಅಕ್ಷರವಿಲ್ಲದ ಒಂಟಿಗಲ್ಲಾಗಲಿ.

ಇಲ್ಲಿನ ರಕ್ಷಣೆ ಅಧಿಸೂಚನೆಯಿಂದ ಆರಂಭವಾಗುತ್ತದೆ. 1958ರ ಕೇಂದ್ರ ಕಾಯಿದೆಯಾಗಲಿ, 1961ರ ಕರ್ನಾಟಕದ ಕಾಯಿದೆಯಾಗಲಿ ಸ್ಮಾರಕವೆಂದು ಘೋಷಿತವಾದುದನ್ನು ಕಾಯುತ್ತದೆ. ಘೋಷಣೆಯಾಗದ, ರೈತನ ಖಾಸಗಿ ಜಮೀನಿನಲ್ಲಿರುವ ಕಲ್ಲುಸುತ್ತಿಗೆ ಆ ಕಾವಲು ಸಲ್ಲದು. ಘೋಷಣೆಯಾದರೆ ಇನ್ನೊಂದು ಭಯ: 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಎರಡು ಎಕರೆ ತೆಂಗಿನ ತೋಟದವನಿಗೆ ಈ ಲೆಕ್ಕ ಕೇಳಿದರೆ ಎದೆ ಝಲ್ಲೆನ್ನದೆ ಇರದು. ಆದ್ದರಿಂದ ಬೇಸಗೆಯಲ್ಲಿ ಜೆಸಿಬಿ ಬಂದ ದಿನ, ಯಾರೂ ನೋಡುವ ಮೊದಲು ಕಲ್ಲುಗಳು ಬದುವಿಗೆ ಸರಿಯುತ್ತವೆ. ಇದಕ್ಕಾಗಿ ರೈತನನ್ನು ಖಳನಾಯಕನನ್ನಾಗಿ ಮಾಡುವ ಪಟ್ಟಣದ ಲೇಖನಗಳು ಅನ್ಯಾಯದ ಬರಹಗಳು. ಅವನಿಗೆ ಅದು ಏನೆಂದು ಹೇಳಿದವರಿಲ್ಲ. ಹೇಳಿದವರು ನಿಧಿಗಳ್ಳರು ಮಾತ್ರ. ಚಿನ್ನವಿದೆಯೆಂದು ನಂಬಿಸಿ ಅಮಾವಾಸ್ಯೆಯ ರಾತ್ರಿ ಅಗೆದವರಿಗೆ ಸಿಗುವುದು ತುಕ್ಕು ಹಿಡಿದ ಕಬ್ಬಿಣ, ಒಡೆದ ಮಡಕೆ, ಮೂಳೆಯ ಚೂರು. ಅವರು ಬಿಟ್ಟುಹೋಗುವ ಗುಂಡಿಯಿಂದ ಮುಂದೆ ಯಾವ ವಿದ್ವಾಂಸನೂ ಏನನ್ನೂ ಅರಿಯಲಾರ.

ಬೇಕಾದುದು ದೊಡ್ಡ ಬೇಲಿಯಲ್ಲ. ಕಲ್ಲುಸುತ್ತು ನಿಂತಿರುವಷ್ಟು ಗುಂಟೆಯನ್ನು ಪಹಣಿಯಲ್ಲಿ ನಮೂದಿಸಿ, ಆ ತುಂಡಿಗೆ ರೈತನಿಗೆ ವರ್ಷಕ್ಕಿಷ್ಟೆಂದು ಪರಿಹಾರ ಕೊಟ್ಟು, ಮಾಲೀಕತ್ವವನ್ನು ಅವನಲ್ಲೇ ಬಿಡುವ ಏರ್ಪಾಟು ಅಸಾಧ್ಯವಾದುದೇನಲ್ಲ. ಬಾವಿ, ಮರ, ದಾರಿಗಳ ಹಕ್ಕನ್ನು ದಾಖಲಿಸುವ ಕಂದಾಯ ಇಲಾಖೆಗೆ ಕಲ್ಲೊಂದನ್ನು ದಾಖಲಿಸುವುದು ಭಾರವೇ? ರೈಸ್ ಮತ್ತು ಅವರ ಪಂಡಿತರು ರಸ್ತೆಗಳಿಲ್ಲದ ಕಾಲದಲ್ಲಿ ಊರೂರು ಅಲೆದು ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಸಂಗ್ರಹಿಸಿದರು. ತುಮಕೂರು ಜಿಲ್ಲೆಯ ಸಂಪುಟ ಪ್ರಕಟವಾದದ್ದು 1904ರಲ್ಲಿ. ಅವರು ಅಕ್ಷರವನ್ನು ಅರಸಿ ಬಂದವರು, ಅಕ್ಷರವನ್ನು ಒಯ್ದರು. ಅಕ್ಷರವಿಲ್ಲದ್ದನ್ನು ನೋಡುವ ಕೆಲಸ ಅಂದಿನಿಂದ ಬಾಕಿ ಇದೆ.

ನೋಡಲು ಹೋಗುವವರಿಗೂ ಒಂದು ಮಾತು ಸಲ್ಲಬೇಕು. ಮುಚ್ಚಳಗಲ್ಲಿನ ಮೇಲೆ ಹತ್ತಿ ನಿಲ್ಲುವುದು, ಸವೆದ ಅಕ್ಷರದ ಮೇಲೆ ಸೀಮೆಸುಣ್ಣ ತೀಡುವುದು, ‘ಸ್ವಚ್ಛಗೊಳಿಸುವೆ’ನೆಂದು ತಂತಿಬ್ರಷ್ಷಿನಿಂದ ಉಜ್ಜುವುದು ಸಂದರ್ಶನವೆನಿಸದು. ಜಮೀನಿನವನ ಅನುಮತಿ ಕೇಳುವುದು, ಕಲ್ಲುಗಳನ್ನು ಎಣಿಸುವುದು, ಕಿಂಡಿಯ ದಿಕ್ಕು ಗುರುತಿಸುವುದು, ಸಮೀಪದ ನೀರಿನ ನೆಲೆ ಎಷ್ಟು ದೂರವೆಂದು ನೋಡುವುದು, ಆ ಕಲ್ಲಿಗೆ ಊರವರು ಕರೆಯುವ ಹೆಸರನ್ನು ಅವರ ಬಾಯಲ್ಲಿ ಬಂದಂತೆ ಬರೆದುಕೊಳ್ಳುವುದು: ಇಷ್ಟಕ್ಕೆ ಟೇಪು, ದಿಕ್ಸೂಚಿ, ಒಂದು ನೋಟುಪುಸ್ತಕ ಸಾಕು. ನಿಖರವಾದ ಸ್ಥಳವನ್ನು ಮೊಬೈಲಿನಲ್ಲಿ ಜಗತ್ತಿಗೆಲ್ಲ ಹಂಚದಿರುವ ಸಂಯಮವೂ ಬೇಕು, ನಿಧಿಗಳ್ಳರಿಗೂ ಮೊಬೈಲಿದೆ.

ಗುಬ್ಬಿ, ಕುಣಿಗಲ್, ತುಮಕೂರುಗಳ ಕಾಲೇಜುಗಳು ಪ್ರತಿವರ್ಷ ಯಾವುದಾದರೊಂದು ಹಳ್ಳಿಯಲ್ಲಿ ಏಳು ದಿನಗಳ ಎನ್ನೆಸ್ಸೆಸ್ ಶಿಬಿರ ನಡೆಸುತ್ತವೆ. ಶಾಲೆಗೆ ಸುಣ್ಣ ಹೊಡೆಯುತ್ತಾರೆ, ಚರಂಡಿ ತೆಗೆಯುತ್ತಾರೆ, ಉಳಿದ ಸುಣ್ಣವನ್ನು ಕೆಲವೆಡೆ ವೀರಗಲ್ಲಿಗೂ ಬಳಿಯುತ್ತಾರೆ. ಮುಂದಿನ ಶಿಬಿರ ಹಾಗಲವಾಡಿ ಹೋಬಳಿಯಲ್ಲಿ ನಡೆಯಲಿ. ಸುಣ್ಣದ ಬಕೆಟ್ಟನ್ನು ಶಾಲೆಯಲ್ಲೇ ಬಿಟ್ಟು, ಕನ್ನಡ ವಿಭಾಗದ ಅಧ್ಯಾಪಕರು ಒಂದು ಬೆಳಗ್ಗೆ ವಿದ್ಯಾರ್ಥಿಗಳನ್ನು ಕೆರೆ ಏರಿಗೂ ಹೊಲದಂಚಿಗೂ ಕರೆದೊಯ್ಯಲಿ. ಗ್ರಾಮಲೆಕ್ಕಿಗರನ್ನು ಜೊತೆಗೆ ಕರೆದುಕೊಂಡರೆ ಪ್ರತಿ ಕಲ್ಲಿನ ಮುಂದೆಯೂ ಅದರ ಸರ್ವೇ ನಂಬರನ್ನು ಅಲ್ಲಿಯೇ ಬರೆದುಕೊಳ್ಳಬಹುದು.