ಓದು ಎಡವುವ ಮುನ್ನ

ಶಾಸನಗಳಲ್ಲಿ ಕೋಗಳಿ ನಾಡು ಎಂದು ಹೆಸರಾದ ಸೀಮೆ ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸುತ್ತಮುತ್ತ ಹರಡಿದೆ. ಅಲ್ಲಿಯ ಯಾವುದೋ ಊರಿನ ಮೂರನೇ ತರಗತಿಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಕೇಳಿದ ಕಥೆಯನ್ನು ಚಾಚೂ ತಪ್ಪದೆ ತಿರುಗಿ ಹೇಳುತ್ತಾನೆ; ಸಂತೆಯ ಲೆಕ್ಕ ಬಾಯಲ್ಲೇ ಮುಗಿಸುತ್ತಾನೆ. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಬೆವರುತ್ತಾನೆ. ‘ಸೂರ್ಯ’ ಎಂದು ಓದಲು ಅರ್ಧ ನಿಮಿಷ ಬೇಕು. ಮೇಷ್ಟ್ರು ‘ಲಕ್ಷ್ಯವಿಲ್ಲ’ ಎನ್ನುತ್ತಾರೆ, ಅಪ್ಪ ‘ಸೋಮಾರಿ’ ಎನ್ನುತ್ತಾನೆ, ಜೊತೆಯವರು ‘ದಡ್ಡ’ ಎನ್ನುತ್ತಾರೆ. ಕಡೆಗೆ ಹುಡುಗನೂ ಅದನ್ನೇ ನಂಬಿಬಿಡುತ್ತಾನೆ.

ಈ ಮೂರು ಮಾತೂ ತಪ್ಪಿರಬಹುದು. ಬುದ್ಧಿ ಚುರುಕಾಗಿದ್ದೂ ಅಕ್ಷರ ಮಾತ್ರ ಕೈಕೊಡುವ ಈ ತೊಡಕಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. ಇದರ ಬೇರು ಕಣ್ಣಿನಲ್ಲಿಲ್ಲ, ಮಿದುಳಿನಲ್ಲಿದೆ. ಕೇಳಿದ ಧ್ವನಿಯನ್ನು ಬಿಡಿಸಿ ಬರಹದ ಗುರುತಿಗೆ ಜೋಡಿಸುವ ಕೆಲಸ ಹೆಚ್ಚಾಗಿ ಮಿದುಳಿನ ಎಡಭಾಗದಲ್ಲಿ ನಡೆಯುತ್ತದೆ.

ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯ ನಡೀನ್ ಗಾಬ್ ಮತ್ತು ಸಂಗಡಿಗರು 2012ರಲ್ಲಿ ಇನ್ನೂ ಓದಲು ಕಲಿಯದ, ಸುಮಾರು ಐದೂವರೆ ವರ್ಷದ 36 ಮಕ್ಕಳ ಪರೀಕ್ಷೆಯ ವಿವರ ಪ್ರಕಟಿಸಿದರು. ಅರ್ಧದಷ್ಟು ಮಕ್ಕಳ ಮನೆಯಲ್ಲಿ ಈ ತೊಡಕು ಮೊದಲೇ ಇತ್ತು. ಎಂ.ಆರ್.ಐ. ಯಂತ್ರದೊಳಗೆ ಮಲಗಿದ ಮಕ್ಕಳಿಗೆ ಎರಡೆರಡು ಪದ ಕೇಳಿಸಿ, ಮೊದಲ ಧ್ವನಿ ಒಂದೆಯೇ ಎಂದು ಕೇಳಲಾಯಿತು. ಮಿದುಳಿನ ಯಾವ ಭಾಗ ದುಡಿಯುತ್ತದೆಯೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಯಂತ್ರ ಹಿಡಿಯುವುದು ಆ ವ್ಯತ್ಯಾಸವನ್ನು. ಇದರಲ್ಲಿ ಎಕ್ಸ್-ರೇ ಕಿರಣಗಳಿಲ್ಲ. ಮನೆಯಲ್ಲಿ ತೊಡಕಿದ್ದ ಮಕ್ಕಳ ಮಿದುಳಿನ ಎಡ ಹಿಂಭಾಗ ಉಳಿದವರಷ್ಟು ಚುರುಕಾಗಿ ದುಡಿಯಲಿಲ್ಲ.

ಪುಸ್ತಕ ಬಿಡಿಸುವ ಮೊದಲೇ ವ್ಯತ್ಯಾಸವಿದ್ದರೆ ಅದು ಓದದೆ ಸೋಮಾರಿಯಾದುದರ ಫಲ ಹೇಗಾದೀತು? ಈ ಚಿತ್ರಗಳು ಹೇಳುವ ದೊಡ್ಡ ಮಾತು ಇದೇ.

ಹಾಗೆಂದು ಮಗುವನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ಯಬೇಕಿಲ್ಲ. ಇಂಥ ಚಿತ್ರಗಳು ಗುಂಪಿನ ಸರಾಸರಿಯನ್ನು ಹೇಳುತ್ತವೆ. ಒಂದೇ ಮಗುವಿನ ಚಿತ್ರ ನೋಡಿ ಇದೆ, ಇಲ್ಲ ಎಂದು ತೀರ್ಪು ಕೊಡಲಾಗದು. ಆದರೆ ಯಂತ್ರದೊಳಗೆ ಕೇಳಿದ ಪ್ರಶ್ನೆಯನ್ನು ಹಟ್ಟಿಯ ಕಟ್ಟೆಯ ಮೇಲೂ ಕೇಳಬಹುದು. ‘ಕಮಲ, ಕಪ್ಪೆ, ಮರ: ಯಾವುದು ಬೇರೆ?’ ಅಂತ್ಯಾಕ್ಷರಿ, ಪ್ರಾಸದ ಪದ್ಯ, ಪ್ರತಿ ಅಕ್ಷರಕ್ಕೂ ‘ಕ’ ಸೇರಿಸಿ ‘ಕನೀಕನು’ ಎನ್ನುವ ಮಕ್ಕಳ ಗುಟ್ಟಿನ ಭಾಷೆ, ಇವೆಲ್ಲ ಧ್ವನಿ ಬಿಡಿಸುವ ಆಟಗಳೇ. ಓರಗೆಯವರು ಸುಲಭವಾಗಿ ಆಡುವಾಗ ಒಂದು ಮಗು ಮತ್ತೆ ಮತ್ತೆ ತಡವರಿಸಿದರೆ, ಮಾತು ತಡವಾಗಿ ಬಂದಿದ್ದರೆ, ತಂದೆತಾಯಿಗೂ ಬಾಲ್ಯದಲ್ಲಿ ಓದು ಕಷ್ಟವಾಗಿದ್ದರೆ, ಅಂಥ ಮಗುವಿನ ಮೇಲೆ ಒಂದು ಕಣ್ಣಿರಲಿ.

ಅವಸರವೂ ಸಲ್ಲದು. ಮೂಲಾಕ್ಷರ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡದ ಮಗು ಕಲಿಯಬೇಕಾದ ಗುರುತುಗಳು ನೂರಾರು. ಬೆಂಗಳೂರಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಗ್ಲಿಷ್ ಅಕ್ಷರಗಳಿಗಿಂತ ಇವುಗಳ ಕಲಿಕೆಗೆ ಹೆಚ್ಚು ವರ್ಷ ಹಿಡಿಯುವುದನ್ನು ತೋರಿಸಿತು. ಒಂದನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದ ಮಾತ್ರಕ್ಕೆ ದೋಷವೆನ್ನಲಾಗದು. ಅದಕ್ಕೇ ಇಂಗ್ಲಿಷ್ ಪರೀಕ್ಷೆಯನ್ನು ಹಾಗೆಯೇ ಅನುವಾದಿಸಿದರೆ ಸಾಲದು, ಕನ್ನಡದ ಅಳತೆಗೋಲೇ ಬೇಕು. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು 2015ರಲ್ಲಿ ಹೊರತಂದ ‘ಡಾಲಿ’ ಪರೀಕ್ಷೆಗಳಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡವೂ ಇದೆ. ಶಿಕ್ಷಕರೇ ತುಂಬಬಹುದಾದ ಮೊದಲ ತಪಾಸಣೆಯ ನಮೂನೆಯೂ ಅದರಲ್ಲಿದೆ. ಸಂದೇಹ ಗಟ್ಟಿಯಾದರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಜ್ಞರ ಪರೀಕ್ಷೆಯುಂಟು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಈ ತೊಡಕನ್ನು ಪಟ್ಟಿಗೆ ಸೇರಿಸಿದೆ. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ರೀತಿಯಲ್ಲಿ ಕಲಿಸುವುದು ಶಾಲೆಗಳ ಹೊಣೆ ಎಂದೂ ಅದು ಹೇಳುತ್ತದೆ. ಕೇಳುವುದು ಪಾಲಕರ ಹಕ್ಕು; ನಾಚಿಕೆಯ ಮಾತಲ್ಲ.

ಇದಕ್ಕೆ ಗುಳಿಗೆಯಿಲ್ಲ. ಧ್ವನಿಯನ್ನೂ ಅಕ್ಷರವನ್ನೂ ಬಿಡಿಬಿಡಿಯಾಗಿ, ನಿಧಾನವಾಗಿ, ದಿನವೂ ಜೋಡಿಸಿ ಕಲಿಸುವುದೇ ಮದ್ದು. ಮೊದಲೆರಡು ತರಗತಿಗಳಲ್ಲೇ ಶುರುಮಾಡಿದರೆ ಫಲ ಹೆಚ್ಚು. ಏಳನೇ ತರಗತಿಯವರೆಗೆ ಕಾದರೆ ಓದಿನ ಜೊತೆಗೆ ಮುರಿದ ಮನಸ್ಸನ್ನೂ ಕಟ್ಟಬೇಕಾಗುತ್ತದೆ. ಪಕ್ಕದಲ್ಲಿ ಕುಳಿತ ಗೆಳೆಯ ಓದುವಾಗ ತಡವರಿಸಿದರೆ ನಗದಿರುವುದು ವಿದ್ಯಾರ್ಥಿಗಳು ಇಂದೇ ಮಾಡಬಹುದಾದ ಸಹಾಯ.